ವಿನತೆಯ ಆತುರ: ಹಾವಿನ ಮರಿಗಳ ನಷ್ಟವನ್ನೂ ಅಂಗವೈಕಲ್ಯವನ್ನೂ ಕುರಿತ ವಿಚಾರ

ಮಹಾಭಾರತದ ಆದಿಪರ್ವದಲ್ಲಿ ಬರುವ ಕದ್ರೂವಿನತೆಯರ ಕಥೆಯು ವಾಚಕರಿಗೆ ವಿದಿತವಾದುದೇ. ಕಶ್ಯಪನ ಪತ್ನಿಯರಾದ ಈ ಅಕ್ಕತಂಗಿಯರಲ್ಲಿ ಕದ್ರುವು ಸಹಸ್ರ ಅಂಡಗಳನ್ನೂ ವಿನತೆಯು ಎರಡು ಅಂಡಗಳನ್ನೂ ಪಡೆದರು. ಪರಿಚಾರಿಕೆಯರು ಅವನ್ನು ಬೆಚ್ಚನೆಯ ತೇವವುಳ್ಳ ಭಾಂಡಗಳಲ್ಲಿರಿಸಿದರು. ಐನೂರು ವರ್ಷಗಳಾದ ಮೇಲೆ ಕದ್ರುವಿನ ಅಂಡಗಳೊಡೆದು ನಾಗರು ಹೊರಬಂದರು, ವಿನತೆಯವು ಒಡೆಯಲಿಲ್ಲ. ಲಜ್ಜೆಯಿಂದಲೂ ಆತುರದಿಂದಲೂ ಆಕೆ ಒಂದನ್ನು ತಾನೇ ಒಡೆದಳು. ಒಳಗಿದ್ದ ಮಗನಿಗೆ ಮೇಲಿನ ಅರ್ಧದೇಹ ಮಾತ್ರ ಪೂರ್ಣವಾಗಿದ್ದಿತು. ಅವನೇ ಅರುಣ. ಊರುಗಳಿಲ್ಲದವನಾದುದರಿಂದ ಅವನಿಗೆ ಅನೂರುವೆಂಬ ಹೆಸರನ್ನು ಅಮರಸಿಂಹನು ಹೇಳಿರುವನು.

ಪುರಾಣಕಾರನು ಪ್ರಾಣಿಶಾಸ್ತ್ರವನ್ನು ಬೋಧಿಸಹೊರಟವನಲ್ಲ. ಹಾಗೆಂದು ವಾದಿಸುವುದು ನನ್ನ ಉದ್ದೇಶವೂ ಅಲ್ಲ. ಆದರೆ ಹಾವುಗಳ ಸಂತಾನವನ್ನು ಬೆಳೆಸುವವರು ಇಂದಿಗೂ ಎದುರಿಸುವ ದುಃಖವು ಈ ಕಥೆಯಲ್ಲಿರುವ ದುಃಖವೇ ಆಗಿದೆ. ಮರಿಗಳು ಮೊಟ್ಟೆಯಲ್ಲೇ ಸಾಯುವುದು, ಬೆನ್ನು ಬಾಗಿ ಹುಟ್ಟುವುದು, ಹುಟ್ಟಿಯೂ ಆಹಾರವನ್ನು ಮುಟ್ಟದೆ ಸೊರಗುವುದು—ಇವುಗಳಲ್ಲಿ ಎಷ್ಟು ದೈವದ್ದು, ಎಷ್ಟು ಸಾಕುವವನ ಕೈಯದ್ದು ಎಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಈ ವಿಚಾರಕ್ಕೆ ನನ್ನನ್ನು ತಂದುದು ಯಡ್ರಾಮಿಯ ಸಮೀಪದ ಒಂದು ಹೊಲ. ಎರೆಮಣ್ಣಿನ ಬದುವನ್ನು ಅಗೆಯುವಾಗ ಕೇರೆಹಾವಿನ ತತ್ತಿಗಳು ಹೊರಬಿದ್ದವು. ನನ್ನಲ್ಲಿ ಕಾವ್ಯಪಾಠಕ್ಕೆ ಬರುತ್ತಿದ್ದ ತರುಣನೊಬ್ಬನು ಕನಿಕರದಿಂದ ಅವನ್ನು ಮರಳಿನ ಗಡಿಗೆಯಲ್ಲಿಟ್ಟನು. ಕೋಳಿಯು ತನ್ನ ಮೊಟ್ಟೆಗಳನ್ನು ಹೊರಳಿಸುವುದನ್ನು ಕಂಡಿದ್ದ ಅವನು ಇವನ್ನೂ ನಿತ್ಯ ಹೊರಳಿಸಿದನು. ಒಂದರಲ್ಲಿ ಸೀಳು ಕಾಣುತ್ತಲೇ ಉಳಿದವನ್ನು ತಾನೇ ಬಿಡಿಸಿದನು. ಕೆಲವು ಮರಿಗಳು ಸತ್ತೇ ಇದ್ದವು. ಒಂದರ ಬೆನ್ನು ಬಾಗಿದ್ದಿತು. ಇನ್ನೊಂದು ಹೊಟ್ಟೆಗಂಟಿದ ಹಳದಿಯೊಡನೆಯೇ ಎರಡು ದಿನ ನರಳಿ ಸತ್ತಿತು. “ನಾನು ಮಾಡಿದ ತಪ್ಪೇನು?” ಎಂದು ಅವನು ಕೇಳಿದಾಗ, ಅರುಣನ ಕಥೆಯನ್ನು ಬಹುಕಾಲ ಪಾಠ ಹೇಳಿದ್ದ ನನ್ನಲ್ಲಿ ಉತ್ತರವಿರಲಿಲ್ಲ. ಬಳಿಕ ತಿಳಿದವರನ್ನು ಕೇಳಿ, ಗ್ರಂಥಗಳನ್ನು ನೋಡಿ, ಸಂಗ್ರಹಿಸಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲನೆಯದಾಗಿ, ಹಾವಿನ ಮೊಟ್ಟೆಯು ಕೋಳಿಯ ಮೊಟ್ಟೆಯಂತಲ್ಲ. ಅದರ ಹೊದಿಕೆ ತೊಗಲಿನಂತೆ ಮೆತ್ತನೆಯದು; ಸುತ್ತಣ ತೇವವನ್ನು ಹೀರಿ ಅದು ದಿನೇ ದಿನೇ ತೂಕದಲ್ಲಿ ಹೆಚ್ಚುವುದು. ಇಟ್ಟ ಸ್ವಲ್ಪ ಕಾಲದಲ್ಲೇ ಭ್ರೂಣವು ಒಳಮೈಗೆ ಅಂಟಿಕೊಂಡು ಮೇಲುಗಡೆ ನೆಲೆಗೊಳ್ಳುವುದರಿಂದ ಅದನ್ನು ಹೊರಳಿಸಿದರೆ ಭ್ರೂಣಕ್ಕೆ ಅಪಾಯವುಂಟು. ಆದುದರಿಂದಲೇ ಬಲ್ಲವರು ಮೊಟ್ಟೆಯ ಮೇಲುಗಡೆ ಸೀಸದಕಡ್ಡಿಯಿಂದ ಗುರುತಿಟ್ಟು ಹಾಗೆಯೇ ಇರಿಸುವರು. ಒಂದಕ್ಕೊಂದು ಅಂಟಿದ ಮೊಟ್ಟೆಗಳನ್ನು ಕೀಳುವುದೂ ಸಲ್ಲದು.

ಎರಡನೆಯದು ಶಾಖದ ವಿಚಾರ. ನಾಗರಹಾವಿನ ಮೊಟ್ಟೆಗೆ ಸುಮಾರು ಎರಡು ತಿಂಗಳ ಕಾವು ಬೇಕು. ನಮ್ಮ ದೇಶದ ಬಹು ಜಾತಿಗಳಿಗೆ 28ರಿಂದ 30 ಡಿಗ್ರಿ ಸೆಂಟಿಗ್ರೇಡಿನ ಶಾಖವು ಹಿತವಾದುದು. ಹುತ್ತದ ಒಳಗೂ ಬಿಲದ ಆಳದಲ್ಲಿಯೂ ಶಾಖವು ಹೆಚ್ಚು ಏರಿಳಿಯದು. ಆದರೆ ನಮ್ಮ ಸೀಮೆಯ ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ಬಯಲಿನಲ್ಲಿಟ್ಟ ಗಡಿಗೆಯ ಗತಿಯೇನು? ಶಾಖವು ಮಿತಿಮೀರಿದರೆ ಭ್ರೂಣವು ಸಾಯುವುದು, ಇಲ್ಲವೆ ಬೆನ್ನೆಲುಬು ಬಾಗುವುದು. ಬಹಳ ತಗ್ಗಿದರೂ ಹಾಗೆಯೇ. ಹೆಬ್ಬಾವಿನ ಜಾತಿಯ ತಾಯಿಯು ಮೊಟ್ಟೆಗಳನ್ನು ಸುತ್ತಿಕೊಂಡು ಮೈಯ ಸ್ನಾಯುಗಳನ್ನು ನಡುಗಿಸಿ ಅವುಗಳಿಗೆ ಕಾವು ಕೊಡುವುದು. ನ್ಯೂಯಾರ್ಕಿನ ಮೃಗಾಲಯದಲ್ಲಿ ಬರ್ಮಾದ ಹೆಬ್ಬಾವೊಂದನ್ನು ಪರೀಕ್ಷಿಸಿದ ವಿದ್ವಾಂಸರು 1966ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ತಾಯಿಯೇ ಇಷ್ಟು ಶ್ರಮಪಡುವಲ್ಲಿ, ಅವಳ ಸ್ಥಾನದಲ್ಲಿ ನಿಲ್ಲುವ ಮನುಷ್ಯನು ಉಷ್ಣಮಾಪಕವಿಲ್ಲದೆ ಊಹೆಯನ್ನು ನಂಬುವುದು ಸಾಹಸವೇ ಸರಿ.

ಮೂರನೆಯದೇ ವಿನತೆಯ ಪ್ರಕರಣ. ಮರಿಯು ಮೂತಿಯ ತುದಿಯಲ್ಲಿರುವ ಅಂಡದಂತದಿಂದ ಹೊದಿಕೆಯನ್ನು ಸೀಳಿ ತಲೆಯನ್ನು ಹೊರಹಾಕುವುದು. ಆದರೆ ಕೂಡಲೇ ಹೊರಬರುವುದಿಲ್ಲ. ಒಂದೆರಡು ದಿನ ಹಾಗೆಯೇ ಇದ್ದು ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುವುದು. ಮೊದಲ ಪೊರೆಯನ್ನು ಬಿಡುವ ತನಕ ಅದೇ ಅದರ ಬುತ್ತಿ. ಈ ಹೊತ್ತಿನಲ್ಲಿ ಎಳೆದು ತೆಗೆದ ಮರಿಯು ಬುತ್ತಿಯನ್ನು ಹೊರಗೆ ತೂಗುಹಾಕಿಕೊಂಡೇ ಹುಟ್ಟುವುದು. ಅಂಥದನ್ನು ಕತ್ತರಿಸಬಾರದು, ಶುಚಿಯಾದ ಒದ್ದೆಯ ಕಾಗದದ ಮೇಲಿರಿಸಿ, ಹಳದಿಯು ತಾನಾಗಿ ಒಳಸೇರುವುದನ್ನು ಕಾಯತಕ್ಕದ್ದು. ಒಡಹುಟ್ಟಿದ ಮರಿಗಳೆಲ್ಲ ಹೊರಬಂದ ಮೇಲೂ ಒಂದು ತಡೆದರೆ, ಅನುಭವಿಗಳು ಹೊದಿಕೆಯಲ್ಲಿ ಸಣ್ಣ ಕಿಂಡಿಯನ್ನು ಮಾಡುವುದುಂಟು; ಅವರೂ ಮರಿಯನ್ನು ಎಳೆಯುವುದಿಲ್ಲ.

ನಾಲ್ಕನೆಯ ಕಾರಣವು ಮೊಟ್ಟೆಗಿಂತಲೂ ಹಿಂದಿನದು. ಸ್ವೀಡನ್ ದೇಶದ ತೆಂಕಣ ಕರಾವಳಿಯಲ್ಲಿ ಒಂಟಿಯಾಗಿ ಉಳಿದ ಮಂಡಲದ ಹಾವುಗಳ ಗುಂಪೊಂದಿದ್ದಿತು. ತಮ್ಮತಮ್ಮಲ್ಲೇ ಕೂಡುತ್ತ ಬಂದುದರಿಂದ ಸತ್ತು ಹುಟ್ಟುವ ಮರಿಗಳೂ ವಿಕಲವಾದ ಮರಿಗಳೂ ಹೆಚ್ಚಿ ಗುಂಪು ಕ್ಷಯಿಸಿತು. 1992ರಲ್ಲಿ ವಿದ್ವಾಂಸರು ಬೇರೆಡೆಯ 20 ಗಂಡುಹಾವುಗಳನ್ನು ಅಲ್ಲಿ ಬಿಟ್ಟರು; ಕೆಲವೇ ವರ್ಷಗಳಲ್ಲಿ ಗುಂಪು ಚೇತರಿಸಿತು. 1999ರಲ್ಲಿ ಪ್ರಕಟವಾದ ಈ ವೃತ್ತಾಂತವನ್ನು ಓದುವಾಗ ಸಗೋತ್ರವಿವಾಹದ ನಿಷೇಧವು ನೆನಪಿಗೆ ಬಾರದೆ ಇರದು. ಪರದೇಶಗಳಲ್ಲಿ ಹಾವನ್ನು ಮನೆಯಲ್ಲಿ ಸಾಕಿ ಮಾರುವವರು ಬಣ್ಣದ ಬೆಡಗಿಗಾಗಿ ಹತ್ತಿರದ ಬಂಧುಗಳನ್ನೇ ಕೂಡಿಸುವುದುಂಟು. ಆಫ್ರಿಕದ ಚೆಂಡು ಹೆಬ್ಬಾವಿನಲ್ಲಿ ‘ಸ್ಪೈಡರ್’ ಎಂಬ ಬಣ್ಣದ ತಳಿಯು ಸುಂದರವೇ. ಆದರೆ ಆ ಬಣ್ಣದೊಡನೆಯೇ ಒಳಗಿವಿಯ ದೋಷವೂ ಬಂದು, ಹಾವು ತಲೆಯನ್ನು ನೆಟ್ಟಗೆ ನಿಲ್ಲಿಸಲಾರದೆ ತೂಗುವುದು. ಅಂದವನ್ನು ಬಯಸಿ ನೋವನ್ನು ತಳಿಯಾಗಿ ಬೆಳೆಸುವ ಈ ಕ್ರಮವು ನನಗೆ ಅಧರ್ಮವೆಂದೇ ತೋರುತ್ತದೆ.

ಇನ್ನು ಎರಡು ತಲೆಯ ಮರಿಯ ವಿಚಾರ. ಭ್ರೂಣವು ಇಬ್ಭಾಗವಾಗಲು ತೊಡಗಿ ಅರ್ಧದಲ್ಲೇ ನಿಂತಾಗ ಇಂಥ ಮರಿಯು ಹುಟ್ಟುವುದು. ಅದು ಶೇಷನ ಅಂಶವೂ ಅಲ್ಲ, ಶಕುನವೂ ಅಲ್ಲ. ಎರಡು ತಲೆಗಳೂ ಒಂದೇ ತುತ್ತಿಗಾಗಿ ಕಾದಾಡುವುದರಿಂದ ಬಹುಪಾಲು ಬೇಗನೆ ಸಾಯುವುವು. ನಮ್ಮ ಸೀಮೆಯಲ್ಲಿ ‘ಎರಡು ತಲೆಯ ಹಾವು’ ಎಂದು ಕರೆಯುವ ಮಣ್ಣುಮುಕ್ಕನು ಇದಲ್ಲ. ಅದರ ಬಾಲವು ಮೊಂಡಾಗಿ ತಲೆಯಂತೆ ಕಾಣುವುದಷ್ಟೆ, ಅಂಗವಿಕಾರವೇನೂ ಇಲ್ಲ. ಅದು ಮೊಟ್ಟೆಯಿಡದೆ ಮರಿಗಳನ್ನೇ ಹೆರುವುದು. ಹಣ ತರುವುದೆಂಬ ಭ್ರಾಂತಿಯಿಂದ ಆ ನಿರುಪದ್ರವಿ ಜೀವಿಯನ್ನು ಹಿಡಿದು ಮಾರುವವರು ಈಗಲೂ ಇರುವುದು ಶೋಚನೀಯ.

ವಿಕಲವಾದ ಮರಿಯನ್ನು ಏನು ಮಾಡಬೇಕು? ಬಾಲದ ತುದಿಯಲ್ಲಿ ಸ್ವಲ್ಪ ಸೊಟ್ಟಿರುವುದು ಸುಖವಾಗಿ ಬಾಳಬಹುದು. ಅದರಿಂದ ಸಂತಾನವನ್ನು ಮಾತ್ರ ಪಡೆಯಬಾರದು. ನುಂಗಲಾರದ, ಹರಿಯಲಾರದ ಮರಿಯನ್ನು ಪಶುವೈದ್ಯನಿಗೆ ತೋರಿಸಿ, ನೋವಿಲ್ಲದ ಮರಣವನ್ನು ಕೊಡಿಸುವುದೂ ದಯೆಯೇ. ತೋರಿಕೆಗಾಗಿ ಬದುಕಿಸಿಟ್ಟುಕೊಳ್ಳುವುದು ದಯೆಯಲ್ಲ. ಸತ್ತ ಮೊಟ್ಟೆಗಳನ್ನು ನಾಚಿಕೆಯಿಂದ ಬಿಸುಟುಬಿಡದೆ, ಇಟ್ಟ ದಿನ, ಶಾಖ, ತಾಯಿತಂದೆಗಳ ವಿವರ ಇವನ್ನು ಬರೆದಿಡತಕ್ಕದ್ದು. ಬರೆದಿಟ್ಟ ನಷ್ಟವು ಮುಂದಿನ ಸಲಕ್ಕೆ ಪಾಠವಾಗುವುದು.

ಅಗ್ನಿಪುರಾಣವು ಹಾವು 240 ಮೊಟ್ಟೆಗಳನ್ನಿಡುವುದೆಂದೂ ಹುಟ್ಟಿದವುಗಳಲ್ಲಿ ಬಹುಪಾಲನ್ನು ತಾನೇ ತಿನ್ನುವುದೆಂದೂ ಹೇಳುತ್ತದೆ. ಸಂಖ್ಯೆಯು ಪ್ರತ್ಯಕ್ಷಕ್ಕೆ ಹೊಂದದು. ನಾಗರಹಾವು ಸಾಮಾನ್ಯವಾಗಿ 10ರಿಂದ 30ರವರೆಗೆ ಇಡುವುದು. ತಾಯಿಯ ಮೇಲಿನ ಅಪವಾದವನ್ನಾದರೋ ಕಾಳಿಂಗಸರ್ಪವೇ ಅಲ್ಲಗಳೆಯುತ್ತದೆ. ಮಲೆನಾಡಿನಲ್ಲಿ ಅದು ತರಗೆಲೆಗಳನ್ನು ಒಟ್ಟುಗೂಡಿಸಿ ಗೂಡುಕಟ್ಟಿ, ಮೊಟ್ಟೆಗಳನ್ನು ಕಾದು, ಒಡೆಯುವ ಮುನ್ನವೇ ಗೂಡನ್ನು ಬಿಟ್ಟುಹೋಗುವುದು. ಆಗುಂಬೆಯಲ್ಲಿ 2005ರಲ್ಲಿ ಆರಂಭವಾದ ಸಂಶೋಧನಕೇಂದ್ರದವರು ಇಂಥ ಗೂಡುಗಳನ್ನು ಇದ್ದಲ್ಲಿಯೇ ಕಾಯುವ ಕ್ರಮವನ್ನು ನಡೆಸಿದರು. ಮಂಗಳೂರಿನ ಪಿಲಿಕುಳದ ಜೈವಿಕೋದ್ಯಾನದಲ್ಲಿ 2022ರಲ್ಲಿ ಕೃತಕವಾದ ಕಾವಿನಲ್ಲಿ 76 ದಿನಗಳ ಬಳಿಕ 38 ಕಾಳಿಂಗಮರಿಗಳು ಹೊರಬಂದವು. 2024ರಲ್ಲಿ ಪಶ್ಚಿಮಘಟ್ಟದ ಈ ಸರ್ಪವು ಬೇರೆಯೇ ಜಾತಿಯೆಂದು ನಿಶ್ಚಯವಾದಾಗ, ನಮ್ಮ ಕನ್ನಡದ ‘ಕಾಳಿಂಗ’ ಶಬ್ದವೇ ಅದರ ಶಾಸ್ತ್ರೀಯನಾಮಕ್ಕೆ ಸೇರಿದುದು ಭಾಷಾಪ್ರಿಯರಿಗೆ ಸಂತೋಷದ ಸಂಗತಿ.

ಇಂಥ ಕಾರ್ಯವು ಅನುಜ್ಞೆ ಪಡೆದ ಸಂಸ್ಥೆಗಳದು. ನಮ್ಮ ದೇಶದ ಕಾಡುಹಾವುಗಳನ್ನು ಮನೆಯಲ್ಲಿ ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಒಪ್ಪದು. ಹೊಲದಲ್ಲಿ ಮೊಟ್ಟೆ ಕಂಡವನು ಅವನ್ನು ಕದಲಿಸದೆ ಮಣ್ಣು ಮುಚ್ಚಿ ಬಿಡುವುದು, ಅಥವಾ ಅರಣ್ಯ ಇಲಾಖೆಗೆ ತಿಳಿಸುವುದು ಯುಕ್ತ. ನನ್ನ ಶಿಷ್ಯನಿಗೂ ಈಗ ಅದನ್ನೇ ಹೇಳಿದ್ದೇನೆ.

ಕೊನೆಗೆ ಮತ್ತೆ ಅರುಣನ ಕಡೆಗೆ ಬರೋಣ. ಪಾಠ ಹೇಳುವಾಗ ನಾವು ಅವನ ಶಾಪವನ್ನು ಒತ್ತಿಹೇಳುತ್ತೇವೆ. ಅದರ ಬೆನ್ನಿಗೇ ಅವನಾಡಿದ ಹಿತವಚನವನ್ನು ಮರೆಯುತ್ತೇವೆ. ಉಳಿದ ಇನ್ನೊಂದು ಅಂಡವನ್ನು ಒಡೆಯದೆ ಧೈರ್ಯದಿಂದ ಕಾಯಬೇಕೆಂದೂ, ಅದರಿಂದ ಬರುವವನೇ ತಾಯಿಯನ್ನು ದಾಸ್ಯದಿಂದ ಬಿಡಿಸುವನೆಂದೂ ಅವನು ಹೇಳಿದನು. ವಿನತೆಯು ಕಾದಳು, ಗರುಡನು ಬಂದನು. ಕೆಟ್ಟ ಮೊಟ್ಟೆಗಾಗಿ ಪಶ್ಚಾತ್ತಾಪಪಡುವುದು ಸಹಜ. ಆದರೆ ಆ ಪಶ್ಚಾತ್ತಾಪವು ಸಾರ್ಥಕವಾಗುವುದು ಉಳಿದ ಮೊಟ್ಟೆಯನ್ನು ಮುಟ್ಟದೆ ಕಾಯುವುದರಲ್ಲಿ.