ಮರಳುದಿಣ್ಣೆಯ ಬಗ್ಗಿಯೂ ಗೃಹಸ್ಥನ ಹಣದ ಚೀಲವೂ

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಮರಳುದಿಣ್ಣೆಗಳ ಮೇಲೆ ಬಗ್ಗಿಯೋಡಿಸುವುದು ಸಂಸಾರಸ್ಥರಿಗೂ ಪ್ರಿಯವಾದ ವಿನೋದವಾಗಿದೆ. 1964ರಲ್ಲಿ ಬ್ರೂಸ್ ಮೇಯರ್ಸ್ ಎಂಬವರು ಫೋಕ್ಸ್‌ವ್ಯಾಗನ್ ಕಾರಿನ ಯಂತ್ರಭಾಗಗಳಿಗೆ ಫೈಬರ್‌ಗ್ಲಾಸಿನ ಹಗುರವಾದ ಒಡಲನ್ನು ಜೋಡಿಸಿ ‘ಮ್ಯಾಂಕ್ಸ್’ ಎಂಬ ಬಗ್ಗಿಯನ್ನು ನಿರ್ಮಿಸಿದ ಮೇಲೆ ಈ ಹವ್ಯಾಸವು ಬಹಳವಾಗಿ ಹಬ್ಬಿತು.

ಬಗ್ಗಿಯನ್ನು ಸಾಗಿಸುವುದಕ್ಕೆ ‘ಟಾಯ್ ಹಾಲರ್’ ಎಂಬ ಟ್ರೈಲರುಂಟು. ಅದರ ಹಿಂಭಾಗವು ಗ್ಯಾರೇಜು. ಅಲ್ಲಿಯ ಬಾಗಿಲೇ ಕೆಳಕ್ಕೆ ಬಾಗಿ ಇಳಿಜಾರಾಗುವುದು. ಮುಂಭಾಗದಲ್ಲಿ ಅಡಿಗೆಗೂ ಮಲಗುವುದಕ್ಕೂ ಸ್ಥಳವಿರುವುದು.

ಕೊಳ್ಳತಕ್ಕವರು ಬರಿಯ ಟ್ರೈಲರಿನ ತೂಕವನ್ನು ಕಂಡು ಮೋಸಹೋಗಬಾರದು. ನಾಲ್ವರು ಕೂರುವ ಬಗ್ಗಿಯು 700 ಕಿಲೋಗ್ರಾಂ ಮೀರುವುದುಂಟು. 300 ಲೀಟರು ನೀರಿನ ಭಾರವೇ 300 ಕಿಲೋಗ್ರಾಂ. ಇವೆಲ್ಲವನ್ನೂ ಎಳೆಯುವ ಶಕ್ತಿ ತಮ್ಮ ವಾಹನಕ್ಕುಂಟೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಕಾರಿನ ಹಿಂದಣ ಕೊಂಡಿಗೆ ಕಟ್ಟುವ ಟ್ರೈಲರಿನ ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳಬೇಕು. ಭಾರವೆಲ್ಲ ಹಿಂದಕ್ಕೆ ಸರಿದರೆ ಟ್ರೈಲರು ಹೆದ್ದಾರಿಯಲ್ಲಿ ತೊನೆದಾಡಿ, ಒಳಗಿರುವ ಮಕ್ಕಳುಮರಿಗಳ ಪ್ರಾಣಕ್ಕೇ ಸಂಚಕಾರವಾದೀತು.

ಇನ್ನು ಹಣದ ಮಾತು. 40,000 ಡಾಲರು ಸಾಲವನ್ನು ನೂರಕ್ಕೆ 8ರ ವಾರ್ಷಿಕ ಬಡ್ಡಿಯಲ್ಲಿ 15 ವರ್ಷಗಳಿಗೆ ತಂದರೆ ತಿಂಗಳಿಗೆ ಸುಮಾರು 382 ಡಾಲರಿನಂತೆ ಒಟ್ಟು 68,800 ಡಾಲರು ತೆರಬೇಕಾಗುವುದು. ಟ್ರೈಲರಾದರೋ ವರ್ಷವರ್ಷಕ್ಕೂ ಬೆಲೆಗುಂದುವ ವಸ್ತು. ವಿಮೆ, ದುರಸ್ತಿ, ನಿಲ್ಲಿಸುವ ಸ್ಥಳದ ಬಾಡಿಗೆ ಇವು ಬೇರೆ.

ಆದುದರಿಂದ ಮೊದಲು ಒಂದೆರಡು ಸಲ ಬಾಡಿಗೆಗೆ ಪಡೆದು ಮನೆಮಂದಿಯ ಉತ್ಸಾಹವನ್ನು ಪರೀಕ್ಷಿಸುವುದೂ, ಅನಂತರ ಕೈಬದಲಾದ ಗಟ್ಟಿ ಸರಕನ್ನು ಹುಡುಕುವುದೂ ಲೇಸೆಂದು ನಮಗೆ ತೋರುತ್ತದೆ. ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂಬ ನಮ್ಮ ಹಿರಿಯರ ಮಾತು ಆ ದೂರದ ಮರಳುಗಾಡಿಗೂ ಸಲ್ಲುವುದು.