ಯುಗಾದಿಗೊಂದು ಫ್ರೇಮ್‌ವರ್ಕ್, ಕೈಯಲ್ಲೊಂದು ಬ್ಲೂ ಕಾರ್ಡ್

ಬ್ಯಾಕ್‌ಎಂಡ್‌ನವರು ನಮ್ಮನ್ನು ಕಂಡರೆ ನಗುತ್ತಾರೆ. "ನಿಮ್ಮ ಫ್ರಂಟ್‌ಎಂಡ್‌ನಲ್ಲಿ ಯುಗಾದಿಗೊಂದು ಹೊಸ ಫ್ರೇಮ್‌ವರ್ಕ್ ಬರುತ್ತಲ್ಲಪ್ಪಾ" ಅಂತ. ಮಾತು ತಮಾಷೆಯದ್ದೇ. ಆದರೆ ಜರ್ಮನಿಯಲ್ಲಿ ಬ್ಲೂ ಕಾರ್ಡ್ ನೆಚ್ಚಿಕೊಂಡು ಸಂಸಾರ ಹೂಡಿ, ಊರಲ್ಲಿ ಮನೆ ಸಾಲದ ಕಂತು ಕಟ್ಟುತ್ತಿರುವ ನಮ್ಮವರಿಗೆ ಅದು ಬರೀ ತಮಾಷೆಯಲ್ಲ. ಕಲಿತದ್ದು ಹಳತಾದರೆ ಕೆಲಸಕ್ಕೆ ಕುತ್ತು. ಕೆಲಸ ಹೋದರೆ ಇಲ್ಲಿರುವ ಪರವಾನಗಿಗೂ ಕುತ್ತು.

ಒಮ್ಮೆ ಹಿಂತಿರುಗಿ ನೋಡಿ. 2006ರಲ್ಲಿ ಜೆಕ್ವೆರಿ ಬಂತು. ಬೆಂಗಳೂರಿನಲ್ಲಿ ಕೆಲಸ ಶುರು ಮಾಡಿದ ನಮ್ಮ ವಯಸ್ಸಿನವರ ಮೊದಲ ಅನ್ನ ಅದೇ. 2010ರಲ್ಲಿ ಗೂಗಲ್‌ನ ಆಂಗ್ಯುಲರ್‌ಜೆಎಸ್, 2013ರಲ್ಲಿ ಫೇಸ್‌ಬುಕ್‌ನ ರಿಯಾಕ್ಟ್, ಮರುವರ್ಷ ವ್ಯೂ. 2016ರಲ್ಲಿ ಹೊಸ ಆಂಗ್ಯುಲರ್ ಬಂದಾಗ ಹೆಸರು ಮಾತ್ರ ಅದೇ, ಒಳಗೆಲ್ಲ ಬೇರೆ. ಹಳೆಯ ಕೋಡ್ ಅದರಲ್ಲಿ ನಡೆಯುತ್ತಿರಲಿಲ್ಲ. 2021ರ ಕೊನೆಗೆ ಆಂಗ್ಯುಲರ್‌ಜೆಎಸ್‌ಗೆ ಗೂಗಲ್ ಬೆಂಬಲವೇ ನಿಂತಿತು. ರಿಯಾಕ್ಟ್ ಕಲಿತವರೂ ನೆಮ್ಮದಿಯಾಗಿ ಕೂರಲಿಲ್ಲ. 2019ರಲ್ಲಿ ಹುಕ್ಸ್ ಬಂದು ಬರೆಯುವ ರೀತಿಯೇ ಬದಲಾಯಿತು. ಹೊಸಬರೆಲ್ಲ ಕಲಿಕೆ ಶುರು ಮಾಡುತ್ತಿದ್ದ ಕ್ರಿಯೇಟ್ ರಿಯಾಕ್ಟ್ ಆಪ್ ಅನ್ನು 2025ರಲ್ಲಿ ರಿಯಾಕ್ಟ್ ತಂಡವೇ ಬದಿಗಿಟ್ಟಿತು.

ನಮ್ಮ ಬಳಗದ ಒಬ್ಬರಿದ್ದಾರೆ, ಹಾಸನದ ಕಡೆಯವರು. ಹೆಸರು ಬೇಡ. ಆಂಗ್ಯುಲರ್‌ಜೆಎಸ್ ಅಂದರೆ ಅವರೇ ಅನ್ನೋ ಹಾಗಿತ್ತು. ಅವರ ಕಂಪನಿ ಇಡೀ ಅಪ್ಲಿಕೇಶನ್ ಅನ್ನು ರಿಯಾಕ್ಟ್‌ಗೆ ತಿರುಗಿಸಿತು. ಇವರನ್ನು ಹಳೆಯದರ ರಿಪೇರಿಗೆ ಬಿಟ್ಟಿತು, ರಿಪೇರಿ ಮುಗಿದ ಮೇಲೆ ಕೈಗೆ ಕಾಗದ ಕೊಟ್ಟಿತು. ಮನೆಯಲ್ಲಿ ಎರಡನೇ ಮಗು, ಹೆಂಡತಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ. ಎರಡು ತಿಂಗಳು ರಾತ್ರಿಯೆಲ್ಲ ರಿಯಾಕ್ಟ್ ಓದಿದರು. ಕೊನೆಗೆ ಕೆಲಸ ಕೊಟ್ಟ ಸಂದರ್ಶನದಲ್ಲಿ ಕೇಳಿದ್ದೇನು ಗೊತ್ತಾ? ಒಂದು ವಿಮೆ ಅರ್ಜಿಯ ಫಾರ್ಮ್ ಮುಂದಿಟ್ಟು, "ಮೌಸ್ ಮುಟ್ಟದೆ ಇದನ್ನು ತುಂಬಿಸಿ ತೋರಿಸಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಅದನ್ನು ಸರಿಮಾಡಿ" ಅಂದರಂತೆ. ಅದಕ್ಕೆ ಬೇಕಾದದ್ದು ಫ್ರೇಮ್‌ವರ್ಕ್ ಅಲ್ಲ, ಎಚ್‌ಟಿಎಂಎಲ್. ಹದಿಮೂರು ವರ್ಷದ ಹಿಂದೆ ಕಲಿತದ್ದು ಅವತ್ತು ಕೈಹಿಡಿಯಿತು.

ನಾನು ಹೇಳಬೇಕೆಂದಿರುವುದೂ ಇದೇ. ಸೆರ್ನ್‌ನಲ್ಲಿ ಮಾಡಿದ ಮೊಟ್ಟಮೊದಲ ವೆಬ್ ಪುಟ ಇವತ್ತಿನ ಬ್ರೌಸರ್‌ನಲ್ಲೂ ತೆರೆಯುತ್ತದೆ. ಮೂವತ್ತು ವರ್ಷ ದಾಟಿದೆ. ಐದು ವರ್ಷದ ಹಿಂದೆ ಕಟ್ಟಿದ ಒಂದು ರಿಯಾಕ್ಟ್ ಪ್ರಾಜೆಕ್ಟ್ ತೆಗೆದು ಇವತ್ತು ಇನ್‌ಸ್ಟಾಲ್ ಮಾಡಿ ನೋಡಿ, ಬೆಳಗಿನ ಕಾಫಿ ಆರಿಹೋಗುತ್ತದೆ. ಫ್ರೇಮ್‌ವರ್ಕ್ ಕಲಿಯಲೇಬೇಕು, ಜಾಹೀರಾತಿನಲ್ಲಿ ಕೇಳುವುದೇ ಅದನ್ನು. ಆದರೆ ಅದರ ಕೆಳಗಿರುವ ನೆಲ ಬೇರೆ. ಬ್ರೌಸರ್ ಹೇಗೆ ಕೆಲಸ ಮಾಡುತ್ತೆ, ಫಾರ್ಮ್ ಹೇಗೆ ಹೋಗುತ್ತೆ, ಕೀಬೋರ್ಡ್ ಫೋಕಸ್ ಎಲ್ಲಿ ನಿಲ್ಲುತ್ತೆ ಅನ್ನೋದು ಯುಗಾದಿಗೊಮ್ಮೆ ಬದಲಾಗುವುದಿಲ್ಲ.

ಈಗ ಅದಕ್ಕೆ ಕಾನೂನಿನ ಬಲವೂ ಬಂದಿದೆ. 2025ರ ಜೂನ್ 28ರಿಂದ ಜರ್ಮನಿಯಲ್ಲಿ ಆನ್‌ಲೈನ್ ಅಂಗಡಿ, ಬ್ಯಾಂಕ್ ಸೇವೆ, ಟಿಕೆಟ್ ಮಾರಾಟ ಮೊದಲಾದವು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು. ಐರೋಪ್ಯ ಒಕ್ಕೂಟದ ನಿರ್ದೇಶನದಿಂದ ಬಂದ ಕಾನೂನಿದು. ದಂಡ ಒಂದು ಲಕ್ಷ ಯೂರೋವರೆಗೆ ಹೋಗಬಹುದು. ಸೇವೆ ಕೊಡುವ ತೀರಾ ಚಿಕ್ಕ ಉದ್ಯಮಗಳಿಗೆ ವಿನಾಯಿತಿ ಇದೆ. ಮೊದಲು "ಆಮೇಲೆ ನೋಡೋಣ" ಅನ್ನುತ್ತಿದ್ದ ಮ್ಯಾನೇಜರುಗಳೇ ಈಗ ಸ್ಕ್ರೀನ್ ರೀಡರ್ ಗೊತ್ತಿರೋರು ಯಾರಿದ್ದೀರಿ ಅಂತ ಕೇಳುತ್ತಿದ್ದಾರೆ. ಎಐ ಕೋಡ್ ಬರೆದು ಕೊಡುತ್ತೆ, ನಿಜ. ಆದರೆ ಎಷ್ಟೋ ಸಲ ಬಟನ್ ಇಡಬೇಕಾದ ಕಡೆ ಒಂದು ಡಿವ್ ಇಟ್ಟು ಕ್ಲಿಕ್ ಅಂಟಿಸುತ್ತೆ. ನೋಡೋಕೆ ಬಟನ್ನೇ, ಟ್ಯಾಬ್ ಒತ್ತಿದರೆ ಅಲ್ಲಿಗೆ ಹೋಗೋದೇ ಇಲ್ಲ. ಅದನ್ನು ಹಿಡಿಯುವ ಕಣ್ಣಿಗೆ ಇನ್ನೂ ಸಂಬಳ ಇದೆ.

ಆ ಕಣ್ಣು ನಮಗೆ ಸ್ವಲ್ಪ ಹುಟ್ಟಿನಿಂದಲೇ ಬಂದಿದೆ ಅಂತ ನನ್ನ ಅನಿಸಿಕೆ. "ಸ್ತ್ರೀ" ನಮಗೆ ಒಂದಕ್ಷರ. ಜಾವಾಸ್ಕ್ರಿಪ್ಟ್ ಅದರ ಉದ್ದವನ್ನು 6 ಅನ್ನುತ್ತದೆ. ಹತ್ತಕ್ಕೆ ಕತ್ತರಿಸು ಅಂದರೆ ಒತ್ತಕ್ಷರದ ನಡುವೆಯೇ ಕೊಯ್ದು ಹಾಕುತ್ತದೆ. ಕನ್ನಡ ಪುಟದಲ್ಲಿ ಈ ಅವಾಂತರ ನೋಡಿದವರಿಗೆ, ಉದ್ದುದ್ದ ಜರ್ಮನ್ ಪದ ಮೊಬೈಲ್ ಪರದೆಯಿಂದ ಆಚೆ ಚಾಚಿದಾಗ ಎಲ್ಲಿ ಹುಡುಕಬೇಕು ಅಂತ ಬೇಗ ಹೊಳೆಯುತ್ತದೆ. ಪುಟದ ಭಾಷೆ ಯಾವುದು ಅಂತ ಎಚ್‌ಟಿಎಂಎಲ್‌ನಲ್ಲಿ ಹೇಳದಿದ್ದರೆ ಬ್ರೌಸರ್ ಪದವನ್ನು ಸರಿಯಾದ ಜಾಗದಲ್ಲಿ ಮುರಿಯುವುದಿಲ್ಲ, ಸ್ಕ್ರೀನ್ ರೀಡರ್ ಜರ್ಮನ್ ಅನ್ನು ಇಂಗ್ಲಿಷ್ ಉಚ್ಚಾರದಲ್ಲಿ ಓದಬಹುದು. ಇನ್ನು ಅಪ್ಪನ ಹೆಸರು, ಊರ ಹೆಸರು ಎರಡೂ ಇನಿಶಿಯಲ್ ಆಗಿರುವ ನಮ್ಮಲ್ಲಿ, "ಕುಟುಂಬದ ಹೆಸರು ಕಡ್ಡಾಯ" ಅನ್ನುವ ಖಾನೆಯ ಮುಂದೆ ತಲೆ ಕೆರೆದುಕೊಳ್ಳದವರು ಯಾರು!

ಕೆಲಸ ಹೋಗುವ ಸುದ್ದಿ ಬಂದರೆ ಮೊದಲ ವಾರದಲ್ಲೇ ಮಾಡಬೇಕಾದ್ದಿದೆ. ತಿಳಿದ 3 ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುವವರೆಂದು ಹೆಸರು ಹಚ್ಚಿಸಿ. 2 ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ವಜಾ ಸರಿಯಲ್ಲ ಅನಿಸಿದರೆ ಕೋರ್ಟಿಗೆ ಹೋಗಲು ಸಿಗುವುದು 3 ವಾರ ಮಾತ್ರ. ಬ್ಲೂ ಕಾರ್ಡ್‌ನವರಿಗೆ ಬಿ1 ಮಟ್ಟದ ಜರ್ಮನ್ ಇದ್ದರೆ 21 ತಿಂಗಳ ಕೆಲಸದ ನಂತರ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ಎ1 ಮಾತ್ರ ಇದ್ದರೆ 27 ತಿಂಗಳು. ನನ್ನನ್ನು ಕೇಳಿದರೆ, ಹೊಸ ಫ್ರೇಮ್‌ವರ್ಕಿನ ಕೋರ್ಸಿಗಿಂತ ಮೊದಲು ಬಿ1 ಮುಗಿಸಿ. ಕಾಯಂ ವಾಸ ಸಿಕ್ಕರೆ ಕಂಪನಿ ಬಿಟ್ಟರೂ ದೇಶ ಬಿಡುವ ಭಯ ಇರೋದಿಲ್ಲ.

ಕೊನೆಯದಾಗಿ ಆರ್‌ಬೈಟ್ಸ್‌ತ್ಸೊಯ್ಗ್ನಿಸ್, ಅಂದರೆ ಕೆಲಸದ ಪ್ರಮಾಣಪತ್ರ. ಕೆಲಸ ಬಿಡುವಾಗ ಅದು ನಿಮ್ಮ ಹಕ್ಕು. ಅದರಲ್ಲಿ ಹೊಗಳಿಕೆಯೇ ಗುಟ್ಟಿನ ಭಾಷೆ. "ನಮಗೆ ತೃಪ್ತಿಯಾಗುವಂತೆ ಕೆಲಸ ಮಾಡಿದರು" ಅಂತ ಮಾತ್ರ ಬರೆದಿದ್ದರೆ ಖುಷಿಪಡಬೇಡಿ, ಅದು ಕಷ್ಟಪಟ್ಟು ಪಾಸಾದ ದರ್ಜೆ. "ಶ್ಟೇಟ್ಸ್" ಮತ್ತು "ಫೋಲ್‌ಸ್ಟನ್", ಅಂದರೆ "ಸದಾ" ಮತ್ತು "ಅತ್ಯಂತ ಪೂರ್ಣ", ಎರಡೂ ಇದ್ದರೆ ಮೊದಲ ದರ್ಜೆ. ಮ್ಯಾನೇಜರ್ ಬದಲಾಗುವಾಗ ಮಧ್ಯಂತರ ಪ್ರಮಾಣಪತ್ರ ಕೇಳಿ ಇಟ್ಟುಕೊಳ್ಳಿ. ಕರಡು ನೀವೇ ಬರೆದುಕೊಡಿ ಅಂದರೆ, ಬರೀ "ಆಂಗ್ಯುಲರ್, ರಿಯಾಕ್ಟ್" ಅಂತ ಪಟ್ಟಿ ಹಾಕಬೇಡಿ. ಯಾವ ಫಾರ್ಮ್ ಕಟ್ಟಿದಿರಿ, ಅದನ್ನು ಯಾರು ಬಳಸುತ್ತಾರೆ, ಮೌಸ್ ಇಲ್ಲದೆ ತುಂಬಲು ಬರುತ್ತದೆಯೇ ಅನ್ನೋದನ್ನೂ ಬರೆಯಿರಿ.