ಹಳೆಯ ಗುಡಿ, ಹಳೆಯ ಕೆರೆ: ದುರಸ್ತಿಯ ಬಗ್ಗೆ ನಾಲ್ಕು ತಪ್ಪು ಕಲ್ಪನೆಗಳು

ಕೋಲಾರ ಜಿಲ್ಲೆಯಲ್ಲಿ ಹಳೆಯದನ್ನು ಉಳಿಸುವ ಆಸೆಗೆ ಕೊರತೆಯಿಲ್ಲ. ಊರವರೇ ಚಂದಾ ಎತ್ತಿ ಗುಡಿಯ ಜೀರ್ಣೋದ್ಧಾರ ಮಾಡಿಸುತ್ತಾರೆ, ಕೆರೆಗೆ ಜೆಸಿಬಿ ಇಳಿಸುತ್ತಾರೆ. ಆ ದುಡ್ಡು, ದುಡಿಮೆ ವ್ಯರ್ಥವಾಗಬಾರದು.

ತಪ್ಪು ಕಲ್ಪನೆ: ಗಾರೆ ಉದುರಿದಲ್ಲಿ ಸಿಮೆಂಟ್ ಮೆತ್ತಿದರೆ ಗೋಡೆ ಗಟ್ಟಿಯಾಗುತ್ತದೆ.

ಸತ್ಯ: ಹಳೆಯ ಗೋಡೆ ನೆಲದ ತೇವವನ್ನು ಹೀರಿಕೊಳ್ಳುತ್ತದೆ. ಸುಣ್ಣದ ಗಾರೆಯ ಸಣ್ಣ ರಂಧ್ರಗಳಿಂದ ಅದು ಆರಿಹೋಗುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ನಿಂತು, ಅದರಲ್ಲಿನ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಪುಡಿಮಾಡುತ್ತದೆ. ಬಿಸಿಲಿಗೆ ಗೋಡೆ ಹಿಗ್ಗಿ ಕುಗ್ಗಿದಾಗ ಸುಣ್ಣ ತುಸು ಬಾಗುತ್ತದೆ, ಸಿಮೆಂಟ್ ಬಾಗದು. ಬಿರುಕು ಇಟ್ಟಿಗೆಗೆ ಬೀಳುತ್ತದೆ. ಹಳೆಯ ಗೋಪುರಕ್ಕಾಗಲಿ, ಮಾಲೂರು, ಶ್ರೀನಿವಾಸಪುರದ ಹಳೆಯ ಹೆಂಚಿನ ಮನೆಗಾಗಲಿ ಹದವಾಗಿ ಅರೆದ ಸುಣ್ಣದ ಗಾರೆಯೇ ತಕ್ಕದ್ದು.

ತಪ್ಪು ಕಲ್ಪನೆ: ಉಳಿಸುವುದೆಂದರೆ ಏನನ್ನೂ ಬದಲಿಸಬಾರದು.

ಸತ್ಯ: ಕೋಲಾರಮ್ಮನ ಗುಡಿಯಲ್ಲಿ ಇಟ್ಟಿಗೆಯ ಭಾಗಗಳನ್ನು 11ನೇ ಶತಮಾನದಲ್ಲಿ, ರಾಜೇಂದ್ರ ಚೋಳನ ಕಾಲದಲ್ಲಿ, ಕಲ್ಲಿನಲ್ಲಿ ಕಟ್ಟಿಸಿದ್ದನ್ನು ಶಾಸನವೇ ಹೇಳುತ್ತದೆ. ಬದಲಾವಣೆ ತಪ್ಪಲ್ಲ, ದಾಖಲೆಯಿಲ್ಲದ ಬದಲಾವಣೆ ತಪ್ಪು. ಕೈಹಾಕುವ ಮೊದಲು ಫೋಟೊ ತೆಗೆಯಿರಿ, ಅಳತೆ ಬರೆದಿಡಿ. ಶಾಸನದ ಕಲ್ಲಿಗೆ ಬಣ್ಣ ಬಳಿಯಬೇಡಿ. ಅಕ್ಷರ ಮುಚ್ಚಿದರೆ ಊರಿನ ಚರಿತ್ರೆಯೇ ಮುಚ್ಚುತ್ತದೆ.

ತಪ್ಪು ಕಲ್ಪನೆ: ಸಂರಕ್ಷಿತ ಸ್ಮಾರಕದ ಪಕ್ಕದ ಮನೆಗೆ ದುರಸ್ತಿಯನ್ನೂ ಮಾಡುವಂತಿಲ್ಲ.

ಸತ್ಯ: ಕೋಲಾರದ ಸೋಮೇಶ್ವರ, ಮುಳಬಾಗಿಲು ತಾಲ್ಲೂಕಿನ ಆವಣಿಯ ರಾಮಲಿಂಗೇಶ್ವರದಂಥ ಕೇಂದ್ರ ಸಂರಕ್ಷಿತ ಗುಡಿಗಳ ಸುತ್ತ 100 ಮೀಟರ್‌ನಲ್ಲಿ ಹೊಸ ಕಟ್ಟಡಕ್ಕೆ ನಿಷೇಧವಿದೆ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯನ್ನು ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದು ದುರಸ್ತಿ ಮಾಡಿಸಬಹುದು. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿಯಿದ್ದರೆ ಹೊಸದನ್ನೂ ಕಟ್ಟಬಹುದು.

ತಪ್ಪು ಕಲ್ಪನೆ: ಹೂಳೆತ್ತಿದರೆ ಕೆರೆ ಉಳಿಯಿತು, ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ರಾಜಕಾಲುವೆಯ ಚಿಂತೆಯಿಲ್ಲ.

ಸತ್ಯ: ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನದು ತುಂಬುತ್ತದೆ. ನಡುವಿನ ರಾಜಕಾಲುವೆ ಒತ್ತುವರಿಯಾದರೆ ಎಷ್ಟು ಹೂಳೆತ್ತಿದರೂ ಮಳೆನೀರು ಬಾರದು. ತೂಬಿಗಿಂತ ಆಳಕ್ಕೆ ತೋಡಿದ ಗುಂಡಿಯ ನೀರು ತೂಬಿನಿಂದ ಹೊಲಕ್ಕೆ ಹರಿಯದು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬರುತ್ತಿರುವ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಂತರ್ಜಲ ಮರುಪೂರಣಕ್ಕೆ. ಯೋಜನೆಗೆ ಸೇರಿದ ಕೆರೆಗಳಿಗಷ್ಟೇ ಅದು ಸಿಗುತ್ತದೆ. ಉಳಿದವು ಇಂದಿಗೂ ಮಳೆಯನ್ನೇ ನಂಬಿವೆ.

ದೊಡ್ಡ ಜೀರ್ಣೋದ್ಧಾರಕ್ಕಿಂತ ಪ್ರತಿವರ್ಷದ ಸಣ್ಣ ಆರೈಕೆ ಹೆಚ್ಚು ಉಳಿಸುತ್ತದೆ. ಮಳೆಗಾಲಕ್ಕೆ ಮೊದಲು ಗೋಪುರದ ಸಂದಿಯ ಅರಳಿ ಸಸಿಯನ್ನು ಬೇರಿಳಿಯುವ ಮುನ್ನವೇ ತೆಗೆಯಿರಿ, ಮಾಳಿಗೆಯ ನೀರಿಗೆ ದಾರಿ ಬಿಡಿಸಿ, ಕಾಲುವೆ ತೆರವು ಮಾಡಿ. ಸಂರಕ್ಷಿತ ಕಟ್ಟಡವಾದರೆ ಮೊದಲು ಪುರಾತತ್ವ ಇಲಾಖೆಗೆ ತಿಳಿಸಿ.